ಪಿಳ್ಳಪ್ಪಣ್ಣ ವಾಲ್ವ್ ತೆರೆಯದ ದಿನ

ನಡುಬೀದಿಯಲ್ಲಿ ಮಂಡಿಯೂರಿ, ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲದೊಳಗಿನ ಪೈಪಿಗೆ ತಾಗಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಪಿಳ್ಳಪ್ಪಣ್ಣನನ್ನು ನಾನು ಮೊದಲು ಕಂಡದ್ದು ಹಾಗೆ. ಬೈಕುಗಳು ಅವರನ್ನು ಬಳಸಿಕೊಂಡು ಹೋಗುತ್ತಿದ್ದವು. ಒಂದು ಕುರಿಮಂದೆ ಅವರ ಎರಡೂ ಪಕ್ಕಕ್ಕೆ ಸೀಳಿ ಹರಿದು ಮುಂದೆ ಮತ್ತೆ ಒಂದಾಯಿತು. ಅವತ್ತಷ್ಟೇ ಆರೋಗ್ಯ ಕೇಂದ್ರಕ್ಕೆ ಫಾರ್ಮಸಿಸ್ಟ್ ಆಗಿ ಸೇರಲು ಬಸ್ಸಿಳಿದಿದ್ದ ನಾನು, ಈ ಮನುಷ್ಯನಿಗೆ ಏನೋ ಆಗಿದೆ ಎಂದು ಹೆದರಿ, ಬ್ಯಾಗು ಕೆಳಗಿಟ್ಟು ಭುಜ ಮುಟ್ಟಿದೆ. ಅವರು ಕಣ್ಣು ತೆರೆಯದೆ ಬೆರಳೆತ್ತಿ ಸುಮ್ಮನಿರಲು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಧೂಳು ಕೊಡವಿಕೊಂಡು, ಆರು ಹೆಜ್ಜೆ ನಡೆದು, ಕಾಲಿನಿಂದ ನೆಲದ ಮೇಲೆ ಗೆರೆ ಎಳೆದರು.

"ಇಲ್ಲಿ ಸೋರ್ತಾ ಐತೆ. ನೀನ್ಯಾರಮ್ಮಣ್ಣಿ?"

ಅವರು ಆ ಊರಿನ ನೀರುಗಂಟಿ. ಟ್ಯಾಂಕು ತುಂಬಿಸಿ, ಬೀದಿಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ಕೆಲಸ. ಊರಿನ ಹೆಸರು ಹೇಳುವುದಿಲ್ಲ. ತಾಯಲೂರು ದಾಟಿ ಆಂಧ್ರದ ಕಡೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿಯವರಿಗೆ ಆ ವಾರವನ್ನು ಮತ್ತೆ ನೆನೆಯುವುದು ಬೇಕಿಲ್ಲ. ನಾನು ಮಾಲೂರಿನವಳು. ತೆಲುಗು ಕಿವಿಗೆ ಬಿದ್ದರೆ ಅರ್ಥವಾಗುತ್ತಿತ್ತೇ ಹೊರತು ಬಾಯಿಗೆ ಬರುತ್ತಿರಲಿಲ್ಲ. ಆ ಊರಿನಲ್ಲಿ ಒಂದೇ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಮೊದಮೊದಲು ರೋಗಿಗಳ ಮಾತು ಹಿಡಿಯಲಾಗದೆ ನಾನು ತಬ್ಬಿಬ್ಬಾದಾಗಲೆಲ್ಲ, ಔಷಧಿ ಕೊಡುವ ಕಿಟಕಿಯ ಪಕ್ಕ ಬಂದು ನಿಂತು ಅರ್ಥ ಹೇಳುತ್ತಿದ್ದವರು ಪಿಳ್ಳಪ್ಪಣ್ಣ.

ಗಿಡ್ಡ ಆಳು. ತಲೆಗೆ ಟವೆಲು. ಹಳೆಯ ಸೈಕಲ್ಲಿನ ಅಡ್ಡಕಂಬಿಗೆ ಆ ಉದ್ದನೆಯ ಸಲಾಕೆ ಕಟ್ಟಿರುತ್ತಿತ್ತು. ವಾಲ್ವ್ ತಿರುಗಿಸುತ್ತಿದ್ದುದೂ ಅದರಿಂದಲೇ. ಹ್ಯಾಂಡಲ್ಲಿಗೆ ಲಾರಿ ಟ್ಯೂಬನ್ನು ಸೀಳಿ ಮಾಡಿದ ಕಪ್ಪು ರಬ್ಬರ್ ಪಟ್ಟಿಗಳ ಗೊಂಚಲು ನೇತಾಡುತ್ತಿತ್ತು. ಪೈಪು ಎಲ್ಲಿ ಒಡೆದರೂ ಅಗೆದು, ಆ ಪಟ್ಟಿಯನ್ನು ಎಳೆದೆಳೆದು ಸುತ್ತಿ ಬಿಗಿಯುತ್ತಿದ್ದರು. ಒಮ್ಮೆ ಬೆರಳು ಕೊಯ್ದುಕೊಂಡು ನನ್ನ ಹತ್ತಿರ ಬಂದರು. ನಾನು ಕಟ್ಟಿದ ಬ್ಯಾಂಡೇಜನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು.

"ಇದೇನಮ್ಮಣ್ಣಿ ಗಂಟು? ನಾನ್ ಪೈಪಿಗೆ ಕಟ್ಟಿದ್ರೆ ವರ್ಷಾನುಗಟ್ಲೆ ಅಲ್ಲಾಡಲ್ಲ."

"ಹೊಸ ಪೈಪು ಹಾಕಿಸಬಾರದಾ ಪಿಳ್ಳಪ್ಪಣ್ಣ?"

"ಕೇಳ್ತಾನೇ ಇದೀನಿ. ಬರುತ್ತೆ ಬರುತ್ತೆ ಅಂತಾರೆ. ಅದು ಬರೋಗಂಟ ನಮ್ ಟ್ಯೂಬು."

ನಾನೂ ನಕ್ಕಿದ್ದೆ. ಆ ನಗು ಆಮೇಲೆ ನನ್ನನ್ನು ಬಹಳ ಕಾಡಿತು.

ನೀರಿನ ವಿಷಯದಲ್ಲಿ ಮಾತ್ರ ಅವರು ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಮೇಲಿನ ಬೀದಿಯ ಪಂಚಾಯ್ತಿ ಸದಸ್ಯರೊಬ್ಬರು ಮನೆಯಲ್ಲಿ ನಾಮಕರಣವಿದೆ, ಇನ್ನರ್ಧ ಗಂಟೆ ನೀರು ಬಿಡು ಎಂದು ಗದರಿದಾಗ, ನನ್ನೆದುರಿಗೇ ವಾಲ್ವ್ ತಿರುಗಿಸಿ ನಿಲ್ಲಿಸಿದರು. "ನೀರಿಗೆ ಯಾರ್ ಮನೇಂತ ಗೊತ್ತಾಗಲ್ಲ ಸ್ವಾಮಿ, ಅದಕ್ಕೆ ಟೈಮೊಂದೇ ಗೊತ್ತು," ಎಂದು ಹೇಳಿ ಸೈಕಲ್ ಹತ್ತಿದರು. ಮಧ್ಯಾಹ್ನ ತಾವೇ ತಮ್ಮ ಮನೆಯಿಂದ ಎರಡು ಬಿಂದಿಗೆ ನೀರು ಹೊತ್ತು ಆ ನಾಮಕರಣದ ಮನೆಗೆ ಕೊಟ್ಟು ಬಂದರು. ಹನ್ನೆರಡು ವರ್ಷದಿಂದ ದುಡಿಯುತ್ತಿದ್ದರೂ ಅವರ ಕೆಲಸ ಖಾಯಂ ಆಗಿರಲಿಲ್ಲ. ಕಡತ ಕೋಲಾರಕ್ಕೆ ಹೋಗಿದೆ, ಈ ಸಲ ಆಗಿಬಿಡುತ್ತದೆ ಎಂದು ನಂಬಿದ್ದರು. ದಿನಾ ಬೆಳಿಗ್ಗೆ ಆ ಮಾತು ಒಮ್ಮೆ ಅವರ ಬಾಯಿಗೆ ಬಂದೇ ಬರುತ್ತಿತ್ತು.

ಮುಂಗಾರಿಗೆ ಮುಂಚಿನ ಮಳೆ ಎರಡು ದಿನ ಹುಯ್ದು ನಿಂತ ಮೇಲೆ, ಭಾನುವಾರ ಬೆಳಿಗ್ಗೆ, ಕೆಳಗಿನ ಬೀದಿಯ ಒಬ್ಬ ಹೆಂಗಸನ್ನು ಅವಳ ಗಂಡ ಬೈಕಿನಲ್ಲಿ ತನ್ನ ಮತ್ತು ತಮ್ಮನ ನಡುವೆ ಕೂರಿಸಿ ಆಸ್ಪತ್ರೆಗೆ ತಂದ. ವಾಂತಿ, ಭೇದಿ. ಅವಳಿಗೆ ಡ್ರಿಪ್ ಹಾಕುವಷ್ಟರಲ್ಲಿ ಇನ್ನಿಬ್ಬರು ಬಂದರು. ಹನ್ನೊಂದು ಗಂಟೆಗೆ ನಮ್ಮ ಆರು ಮಂಚಗಳೂ ತುಂಬಿದವು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಶಾಲೆಯ ಬೀಗ ತೆಗೆಸಿ, ಬೆಂಚುಗಳನ್ನು ಜೋಡಿಸಿ, ಅವುಗಳ ಮೇಲೆ ಮಲಗಿಸತೊಡಗಿದೆವು. ಕಿಟಕಿಯ ಸರಳಿನಿಂದ ಸರಳಿಗೆ ಹಗ್ಗ ಬಿಗಿದು ಸಲೈನ್ ಬಾಟಲಿ ತೂಗುಹಾಕಿದೆವು. ನಮ್ಮ ಡಾಕ್ಟರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಊರಿಗೆ ನೀರು ನಿಲ್ಲಿಸಲು ಹೇಳಿ, ಮುಳಬಾಗಿಲಿನಿಂದ ಟ್ಯಾಂಕರ್ ಕೇಳಿ, ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: "ಸಲೈನ್ ಎಷ್ಟಿದೆ?"

ನಾನು ಸ್ಟೋರಿಗೆ ಹೋಗಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಸಂಜೆಯವರೆಗೂ ಸಾಲುವುದಿಲ್ಲ ಎಂದು ಗೊತ್ತಾದಾಗ ಕೋಲಾರಕ್ಕೆ ಫೋನ್ ಮಾಡಿದೆ. ಕೋಲಾರದ ಉಗ್ರಾಣದಲ್ಲಿ ಸರಕು ಇತ್ತು. ಆದರೆ ಭಾನುವಾರ, ಅವರಲ್ಲಿ ಗಾಡಿ ಇಲ್ಲ, ನಮ್ಮಲ್ಲಿದ್ದ ಒಂದೇ ಆಂಬುಲೆನ್ಸ್ ರೋಗಿಗಳನ್ನು ಸಾಗಿಸುತ್ತಿತ್ತು. ಫೋನ್ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಪಿಳ್ಳಪ್ಪಣ್ಣ ಸೈಕಲ್ ಇಳಿದರು. ವಿಷಯ ಕೇಳಿದವರೇ ತಮ್ಮ ಫೋನ್ ತೆಗೆದರು.

"ಲೇ ನಂಜುಂಡ, ಟೊಮೆಟೊ ಹಾಕಿದ್ಯಾ ಮಂಡಿಗೆ? ಖಾಲಿ ಬರ್ಬೇಡ ಕಣ್ಲಾ. ಅಲ್ಲೇ ನಿಂತ್ಕೋ. ಅಮ್ಮಣ್ಣಿ ಹೇಳ್ತಾರೆ ಎಲ್ಲಿಗೆ ಹೋಗ್ಬೇಕೂಂತ."

ನಂಜುಂಡ ಕೋಲಾರದ ಮಂಡಿಗೆ ಟೊಮೆಟೊ ಸಾಗಿಸುವ ಟೆಂಪೋ ಓಡಿಸುವವನು. ಎರಡು ಗಂಟೆ ಕಳೆದ ಮೇಲೆ ಆ ಟೆಂಪೋ ಶಾಲೆಯ ಮುಂದೆ ಬಂದು ನಿಂತಿತು. ಟೊಮೆಟೊ ಕ್ರೇಟುಗಳಲ್ಲಿ ಸಲೈನ್ ಬಾಟಲಿ, ಒಆರ್‌ಎಸ್ ಪೊಟ್ಟಣ, ಕ್ಲೋರಿನ್ ಮಾತ್ರೆ. ಬಾಟಲಿಗಳಿಗೆಲ್ಲ ಕೊಳೆತ ಟೊಮೆಟೊ ರಸದ ವಾಸನೆ. ಒರೆಸಿ ಒರೆಸಿ ಒಳಗೆ ಕೊಟ್ಟೆ. ಸಂತೋಷಪಡಲು ಯಾರಿಗೂ ಪುರಸೊತ್ತಿರಲಿಲ್ಲ.

ಅಲ್ಲಿಂದ ಮೂರು ದಿನ ಆ ಊರನ್ನು ನಡೆಸಿದವರು ಪಿಳ್ಳಪ್ಪಣ್ಣ ಎಂದರೆ ಹೆಚ್ಚು ಹೇಳಿದಂತಾಗದು. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಒಂಟಿ, ಯಾರು ನಾಚಿಕೆಗೆ ಕಾಯಿಲೆ ಮುಚ್ಚಿಡುತ್ತಾರೆ ಎಲ್ಲವೂ ಅವರ ನಾಲಿಗೆ ತುದಿಯಲ್ಲಿತ್ತು. ಟ್ಯಾಂಕರ್ ಕೆಳಗಿನ ಬೀದಿಗೆ ತಿರುಗುವುದಿಲ್ಲ ಎಂದು ಡ್ರೈವರ್ ಕೈಚೆಲ್ಲಿದಾಗ, ತೋಟದವರಿಂದ ಕರಿ ಪೈಪು ತರಿಸಿ, ಒಂದಕ್ಕೊಂದು ಜೋಡಿಸಿ, ಬೀದಿಯ ಕೊನೆಯವರೆಗೆ ನೀರು ಮುಟ್ಟಿಸಿದರು. ಅನ್ನ ಮುಟ್ಟಲಿಲ್ಲ. ಟೀ ಕೊಟ್ಟರೆ ಕೈಯಲ್ಲಿ ಹಿಡಿದು ಆರಿಸಿ, ಹಾಗೇ ಇಟ್ಟು ಹೋಗುತ್ತಿದ್ದರು. ಯಾರಾದರೂ ಹೊಸ ರೋಗಿ ಬಂದರೆ ಓಡಿ ಬಂದು, "ಯಾವ ಬೀದಿ? ಯಾವ ಬೀದೀಂದ ಬಂದ್ರು?" ಎಂದು ಕೇಳುತ್ತಿದ್ದರು. ಕೆಳಗಿನ ಬೀದಿ ಎಂದರೆ ಮುಖ ಸಣ್ಣಗಾಗುತ್ತಿತ್ತು. ಅವರ ಮನೆಯೂ ಆ ಬೀದಿಯಲ್ಲೇ ಇದ್ದುದರಿಂದ ನೆರೆಯವರ ಚಿಂತೆ ಎಂದುಕೊಂಡೆ. ಎಂಥ ಮನುಷ್ಯ, ಊರಿಗಾಗಿ ಹೀಗೆ ಸವೆಯುತ್ತಿದ್ದಾರಲ್ಲ ಎಂದು ಡಾಕ್ಟರ ಹತ್ತಿರ ಹೇಳಿದ್ದೂ ಉಂಟು.

ಒಂದು ಸಂಗತಿ ಮಾತ್ರ ವಿಚಿತ್ರವಾಗಿ ಕಂಡಿತ್ತು. ಮನೆಯಲ್ಲಿ ತುಂಬಿಟ್ಟ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಎಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು. ಬೇರೆ ಬೀದಿಗಳಲ್ಲಿ ಪಿಳ್ಳಪ್ಪಣ್ಣ ಹಾಗೇ ಮಾಡಿದರು. ಕೆಳಗಿನ ಬೀದಿಯಲ್ಲಿ ಮಾತ್ರ ಮಾತ್ರೆಯ ಮಾತೇ ಎತ್ತದೆ, ಒಂದೊಂದೇ ಮನೆಗೆ ನುಗ್ಗಿ ಬಿಂದಿಗೆ, ಡ್ರಮ್ಮುಗಳನ್ನೆಲ್ಲ ಬೋರಲು ಹಾಕುತ್ತಿದ್ದರು. ನೀರಿನ ಬರ ಕಂಡ ಊರು ಅದು. ಹೆಂಗಸರು ಬೈದರು. ನಾನು ಮಾತ್ರೆ ಹಂಚುತ್ತ ಅವರ ಹಿಂದೆಯೇ ಇದ್ದೆ. ಅಕ್ಕಯ್ಯಮ್ಮ ಎನ್ನುವ ಮುದುಕಿ ತನ್ನ ಹಂಡೆಯ ಮೇಲೆ ಎರಡೂ ಕೈ ಊರಿ ಬಗ್ಗಿ ನಿಂತುಬಿಟ್ಟಳು.

"ಪೋರಾ! ನೀಳ್ಳು ಪಾರಬೋಸ್ತೇ ಎವರು ಮೋಸುಕೊಸ್ತಾರು?" ಚೆಲ್ಲಿದರೆ ಮತ್ತೆ ಹೊತ್ತು ತರುವವರು ಯಾರು ಎಂದು ಕೇಳಿದಳು.

"ನಾನ್ ಹೊತ್ಕೊಂಬತ್ತೀನಿ ಕಣಕ್ಕ. ಚೆಲ್ಲಕ್ಕ."

"ಯಾಕೆ ಚೆಲ್ಲಬೇಕು? ಕಾರಣ ಹೇಳು, ಚೆಲ್ತೀನಿ."

ಪಿಳ್ಳಪ್ಪಣ್ಣ ಬಾಯಿ ತೆರೆದರು. ನನ್ನ ಕಡೆ ಒಮ್ಮೆ ನೋಡಿದರು. ಹೊಸಿಲು ದಾಟಿ ಮುಂದಿನ ಮನೆಗೆ ಹೋದರು. ನಾನು ಆ ಹಂಡೆಗೆ ಎರಡು ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಲು ಹೇಳಿ ಹೊರಟೆ. ಅವಳು ಅರ್ಧ ಗಂಟೆ ಕಾದಳೋ ಇಲ್ಲವೋ, ಅದಕ್ಕೂ ಮುಂಚೆ ಎಷ್ಟು ಕುಡಿದಿದ್ದಳೋ, ಯಾರಿಗೆ ಗೊತ್ತು? ಮಾರನೆಯ ದಿನ ಮಧ್ಯಾಹ್ನ ಅವಳ ಮಗ ಶ್ರೀರಾಮಪ್ಪ ಅವಳನ್ನು ಎತ್ತಿಕೊಂಡೇ ಓಡಿ ಬಂದ. ಕೈಯ ನರ ಸಿಗುತ್ತಿರಲಿಲ್ಲ. ಡಾಕ್ಟರು ಮಂಡಿಯೂರಿ ಕೂತು ಮತ್ತೆ ಮತ್ತೆ ಪ್ರಯತ್ನಿಸಿದರು. ಕೋಲಾರಕ್ಕೆ ಕಳಿಸಿದೆವು. ದಾರಿಯಲ್ಲೇ ಹೋಗಿಬಿಟ್ಟಳು.

ಮೂರನೆಯ ದಿನ ಟ್ಯಾಂಕಿನ ನೀರಿನ ವರದಿ ಬಂತು. ಟ್ಯಾಂಕು ಶುದ್ಧ, ಕೊಳವೆಬಾವಿಯೂ ಶುದ್ಧ. ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿಯೂ ಆಗಿತ್ತು. ಹೊಸ ರೋಗಿಗಳೂ ಕಡಿಮೆಯಾಗಿದ್ದರು. ನೀರು ಸರಬರಾಜಿನ ಇಂಜಿನಿಯರ್ ಬಂದು, ಇನ್ನು ನಲ್ಲಿಯಲ್ಲೇ ನೀರು ಬಿಡಬಹುದು, ಟ್ಯಾಂಕರ್ ಬೇರೆ ಊರಿಗೆ ಬೇಕಾಗಿದೆ, ನಾಲ್ಕು ಗಂಟೆಗೆ ವಾಲ್ವ್ ತೆರೆಯಿರಿ ಎಂದರು. ಪಂಚಾಯ್ತಿಯ ಪಿಡಿಒ ಒಪ್ಪಿದರು. ನಾನೂ ಉಸಿರು ಬಿಟ್ಟೆ. ಸ್ಟೋರಿನಲ್ಲಿ ಉಳಿದ ಸಲೈನ್ ಮಾರನೆಯ ಬೆಳಗಿನವರೆಗೆ ಹೇಗೋ ಸಾಲುತ್ತಿತ್ತು. ಇನ್ನೊಂದು ಅಲೆ ಬಂದರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ನಾಲ್ಕು ಗಂಟೆಗೆ ಶಾಲೆಯ ಮುಂದಿನ ವಾಲ್ವ್ ಗುಂಡಿಯ ಸುತ್ತ ಜನ ಸೇರಿದ್ದರು. ಕೊಡ ಹಿಡಿದ ಹೆಂಗಸರು, ತಲೆ ಬೋಳಿಸಿಕೊಂಡಿದ್ದ ಶ್ರೀರಾಮಪ್ಪ, ಅಧಿಕಾರಿಗಳು. ಪಿಳ್ಳಪ್ಪಣ್ಣ ಸಲಾಕೆ ಹಿಡಿದು ಬಂದರು, ಗುಂಡಿಗೆ ಇಳಿಸಿದರು, ಹಾಗೇ ನಿಂತರು.

"ತಿರುಗ್ಸಯ್ಯ," ಎಂದರು ಪಿಡಿಒ.

"ತಿರುಗ್ಸಲ್ಲ ಸಾರ್."

"ಏನಂದೆ?"

"ಬೇಡಿ ಸಾರ್. ಟ್ಯಾಂಕರ್ ಕಳಿಸ್ಬೇಡಿ."

ಇಂಜಿನಿಯರ್ ರೇಗಿದರು. ವರದಿಯ ಹಾಳೆಯನ್ನು ಮುಖದ ಮುಂದೆ ಹಿಡಿದರು. ಯಾರೋ ಒಬ್ಬ ಸಲಾಕೆ ಕಿತ್ತುಕೊಳ್ಳಲು ಬಂದ. ಪಿಳ್ಳಪ್ಪಣ್ಣ ಅದನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡರು.

"ಟ್ಯಾಂಕಲ್ಲಿಲ್ಲ ಸಾರ್. ಮೋರಿ ಅಡೀಲಿ ಐತೆ. ಕೆಳಗಿನ ಬೀದಿಗೆ ಹೋಗೋ ಪೈಪು ಮೋರಿ ಕೆಳಗೆ ಬಿಟ್ಕೊಂಡೈತೆ. ನಾನು ಟ್ಯೂಬ್ ಕಟ್ಟಿದ್ದೆ. ಸರಿಯಾಯ್ತು ಅಂತ ನಿಮಗ್ ಹೇಳ್ದೆ. ಸರಿಯಾಗಿರಲಿಲ್ಲ."

ಅವರೇ ಮುಂದುವರಿಸಿದರು, ಒಂದೊಂದೇ ಮಾತು ಎತ್ತಿಡುವವರ ಹಾಗೆ. ನೀರು ಬಿಟ್ಟಾಗ ಪೈಪಿನದು ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಪೈಪು ಖಾಲಿಯಾಗಿ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆಗೆ ಮೋರಿ ತುಂಬಿ ನಿಂತಿತ್ತು.

"ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ. ಹೇಳೋಕೆ ಧೈರ್ಯ ಬರ್ಲಿಲ್ಲ. ಕೆಲ್ಸ ಹೋಗುತ್ತೆ ಅಂತ ಭಯ ಆಯ್ತು ಸಾರ್."

ಆಗ ನನಗೆ ಬೋರಲಾದ ಬಿಂದಿಗೆಗಳು ಅರ್ಥವಾದವು. ಆರಿಹೋದ ಟೀ ಅರ್ಥವಾಯಿತು. ಮೂರು ದಿನ ನಾನು ಸೇವೆ ಎಂದು ಕೊಂಡಾಡಿದ್ದು ಬಹುಪಾಲು ಭಯವಾಗಿತ್ತು. ಆದರೆ ಆ ಭಯದ ಮನುಷ್ಯನೇ ಅಷ್ಟು ಜನರಿಗೆ ನೀರು ಮುಟ್ಟಿಸಿದ್ದೂ ನಿಜ.

ಶ್ರೀರಾಮಪ್ಪ ಜನರನ್ನು ಸರಿಸಿಕೊಂಡು ಬಂದು ಅವರ ಕೆನ್ನೆಗೆ ಬಾರಿಸಿದ. ಟವೆಲು ಗುಂಡಿಗೆ ಬಿತ್ತು. ಪಿಳ್ಳಪ್ಪಣ್ಣ ಕೈ ಎತ್ತಲಿಲ್ಲ, ಹಿಂದೆ ಸರಿಯಲಿಲ್ಲ. ಇನ್ನೊಂದು ಏಟಿಗೆ ಎತ್ತಿದ ಕೈ ಅವನಿಗೇ ಭಾರವಾದಂತೆ ಕೆಳಗಿಳಿಯಿತು. ಅಲ್ಲೇ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತ.

ಹಾರೆ, ಗುದ್ದಲಿ ಬಂದವು. ಎಲ್ಲಿ ಅಗೆಯಬೇಕೆಂದು ಪಿಳ್ಳಪ್ಪಣ್ಣನಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವರೇ ಇಳಿದು ಅಗೆದರು. ಸೊಂಟದಾಳದಲ್ಲಿ ಪೈಪು ಸಿಕ್ಕಿತು. ಸುತ್ತಿದ ಕಪ್ಪು ರಬ್ಬರು ಸಡಿಲಾಗಿ, ಅದರ ಸಂದಿಯಿಂದ ಮೋರಿಯ ಕೊಳಚೆ ಒಳಗಿಳಿಯುತ್ತಿತ್ತು. ಇಂಜಿನಿಯರ್ ಬಗ್ಗಿ ನೋಡಿ, ಜೇಬಿನಿಂದ ಫೋನ್ ತೆಗೆದು ಟ್ಯಾಂಕರ್ ವಾಪಸ್ ಕರೆಸಿದರು.

ಪೈಪು ಬದಲಾಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ಕೆಳಗಿನ ಬೀದಿಯ ಕರಿ ಪೈಪಿನ ತುದಿ ಹಿಡಿದು ನಿಂತವರು ಪಿಳ್ಳಪ್ಪಣ್ಣನೇ. ಬೈಯುವವರು ಬೈದರು. ಕೆಲವರು ಅವರ ಕೈಯಿಂದ ನೀರು ಹಿಡಿಯದೆ ದೂರ ನಿಂತರು. ಆದರೂ ಹೋಗಲಿಲ್ಲ. ಕೊನೆಯ ದಿನ ಶ್ರೀರಾಮಪ್ಪ ಕೊಡ ತಂದು ಅವರ ಮುಂದಿಟ್ಟ. ಅವರು ತುಂಬಿಸಿದರು. ಅವನು ಎತ್ತಿಕೊಂಡು ಹೋದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಶಾಲೆಯ ಬೆಂಚುಗಳು ಖಾಲಿಯಾದವು.

ವಿಚಾರಣೆ ನಡೆಯಿತು. ಹೊಸ ಪೈಪು ಕೇಳಿದ್ದೆ ಎಂದು ಅವರು ಹೇಳಿದ್ದಕ್ಕೆ ಕಾಗದದಲ್ಲಿ ಏನೂ ಇರಲಿಲ್ಲ. ಅವರು ಕೇಳುತ್ತಿದ್ದುದೆಲ್ಲ ಬಾಯಿಮಾತಿನಲ್ಲಿ. ನಾನು ಹೇಳಿಕೆ ಕೊಟ್ಟೆ. ಈ ಮನುಷ್ಯ ಹೇಳದಿದ್ದರೆ ಅವತ್ತು ನಾಲ್ಕು ಗಂಟೆಗೆ ಅದೇ ನೀರು ಮತ್ತೆ ಊರಿಗೆ ಹೋಗುತ್ತಿತ್ತು, ಅದಕ್ಕೆ ಬೇಕಾದ ಔಷಧಿ ನಮ್ಮಲ್ಲಿರಲಿಲ್ಲ ಎಂದು ಬರೆದೆ. ಅದನ್ನು ಓದಿದರೋ ಇಲ್ಲವೋ. ಅವರನ್ನು ಕೆಲಸದಿಂದ ತೆಗೆದರು. ಸೈಕಲ್ಲು ಪಂಚಾಯ್ತಿ ಗೋಡೆಗೆ ಒರಗಿಸಿ, ಸಲಾಕೆಯನ್ನು ಹೊಸಬನ ಕೈಗೆ ಕೊಟ್ಟು, ಅವನನ್ನು ಇಡೀ ಊರು ಸುತ್ತಿಸಿ ಟ್ಯೂಬು ಕಟ್ಟಿದ ಎಲ್ಲ ಜಾಗವನ್ನೂ ತೋರಿಸಿ ಹೋದರು ಎಂದು ಆಮೇಲೆ ಕೇಳಿದೆ. ನನಗೆ ಹೇಳಿಹೋಗಲು ಬರಲಿಲ್ಲ.

ಮರುವರ್ಷ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಮಾವಿನ ಕಾಲ. ಬಸ್ ನಿಲ್ದಾಣದ ತನಕ ಮಾವಿನ ಲಾರಿಗಳು ನಿಂತಿದ್ದವು. ಅವುಗಳ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದಾಗ ಯಾರೋ "ಅಮ್ಮಣ್ಣಿ" ಎಂದರು. ಪಿಳ್ಳಪ್ಪಣ್ಣ. ಮಗಳ ಮನೆ ಅಲ್ಲೇ ಹತ್ತಿರದ ಹಳ್ಳಿಯಲ್ಲಂತೆ, ಒಂದು ಮಾವಿನ ತೋಟದಲ್ಲಿ ಕಾವಲಿಗಿದ್ದಾರಂತೆ. ಬಹಳ ಇಳಿದುಹೋಗಿದ್ದರು. ಒಗೆದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಒಂದು ಚೀಲ ಹಿಡಿದಿದ್ದರು.

"ಎಲ್ಲಿಗೆ ಹೊರಟ್ರಿ ಪಿಳ್ಳಪ್ಪಣ್ಣ?"

"ಊರಿಗೆ. ಅಕ್ಕಯ್ಯಮ್ಮನ ವರ್ಷದ ತಿಥಿ ಇವತ್ತು. ಶ್ರೀರಾಮಪ್ಪ ಫೋನ್ ಮಾಡಿದ್ದ. ಬಾ ಅಂದ, ಅಷ್ಟೇ. ಇನ್ನೇನೂ ಅನ್ಲಿಲ್ಲ." ಮುಳಬಾಗಿಲು ಬಸ್ಸು ಎದುರಿಗೇ ನಿಂತಿತ್ತು. ಅವರು ಹತ್ತುವ ಲಕ್ಷಣ ಕಾಣಲಿಲ್ಲ. "ಹೋಗ್ಲಾ ಬೇಡ್ವಾಂತ ಬೆಳಿಗ್ಗಿಂದ ಇಲ್ಲೇ ನಿಂತಿದೀನಿ. ಒಂದ್ ಬಸ್ ಬಿಟ್ಟೆ ಆಗ್ಲೇ."

ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದರು: "ನೀನು ಅಲ್ಲೇ ಇದ್ದೆ. ಹೇಳು. ಕಾರಣ ಹೇಳು ಚೆಲ್ತೀನಿ ಅಂದ್ಳಲ್ಲ ಆಯಮ್ಮ. ಹೇಳಿದ್ದಿದ್ರೆ ಬದುಕ್ತಿದ್ಲಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಮಾತ್ರೆ ಹಾಕಿ ಹೊರಟುಬಂದವಳು ನಾನು. ಆ ಪ್ರಶ್ನೆ ನನ್ನದೂ ಆಗಿತ್ತು.

"ಗೊತ್ತಿಲ್ಲ ಪಿಳ್ಳಪ್ಪಣ್ಣ," ಎಂದೆ. "ಅದಕ್ಕೂ ಮುಂಚೇನೇ ಕುಡಿದಿದ್ರೋ ಏನೋ. ನನಗೆ ನಿಜವಾಗ್ಲೂ ಗೊತ್ತಿಲ್ಲ."

ಅವರು ತಲೆಯಾಡಿಸಿದರು. "ಎಲ್ರೂ ಇಲ್ಲ ಇಲ್ಲ, ನೀನೇನ್ ಮಾಡೋಕಾಗ್ತಿತ್ತು ಅಂತಾರೆ. ಗೊತ್ತಿಲ್ಲ ಅಂದೋಳು ನೀನೊಬ್ಳೇ ಕಣಮ್ಮ." ಕಂಡಕ್ಟರ್ ಸೀಟಿ ಊದಿದ. ಪಿಳ್ಳಪ್ಪಣ್ಣ ಚೀಲವನ್ನು ಬಗಲಿಗೆ ಏರಿಸಿಕೊಂಡು, "ಬತ್ತೀನಿ," ಎಂದು ಹೊರಡುತ್ತಿದ್ದ ಬಸ್ಸಿನ ಮೆಟ್ಟಿಲು ಹತ್ತಿದರು.

ಮಾರನೆಯ ದಿನ ತಡೆಯಲಾಗದೆ ಫೋನ್ ಮಾಡಿದೆ.

"ಹೋಗಿದ್ದೆ," ಎಂದರು. "ಕೊನೇ ಸಾಲಲ್ಲಿ ಕೂತ್ಕೊಂಡೆ."

"ಶ್ರೀರಾಮಪ್ಪ ಏನಂದ್ರು?"

"ಏನೂ ಅನ್ಲಿಲ್ಲ. ಅನ್ನದ ಬುಟ್ಟಿ ಹಿಡ್ಕೊಂಡು ಅವನೇ ಬಂದ. ಬಡಿಸ್ದ. ನಾನು ಸಾಕು ಅಂದೆ. ಇನ್ನೊಂದ್ ಸಲಿ ಬಡಿಸ್ದ."

ಅದೇ ಕೊನೆಯ ಮಾತು. ಆ ಮಳೆಗಾಲದಲ್ಲೇ ತೋಟದ ಗುಡಿಸಲಿನಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ ಎಂದು ಅವರ ಮಗಳು ಹೇಳಿ ಕಳಿಸಿದಳು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಊರಿನಿಂದ ಒಬ್ಬರೇ ಬಂದಿದ್ದರು. ಬೇಲಿಯ ಪಕ್ಕ, ಮೊಣಕಾಲಿನ ತನಕ ಕೆಸರಾದ ಪಂಚೆಯಲ್ಲಿ, ಶ್ರೀರಾಮಪ್ಪ ನಿಂತಿದ್ದರು.